‘ಕರ್ಮ’ವೆಂಬ ಕಾರು: ಒಂದು ಮರಣೋತ್ತರ ಚಿಂತನೆ

(ನಮ್ಮ ಕೂಟದ ಅತಿಥಿ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಪಾಠ)



ವೈದ್ಯರನ್ನು ಉಪನ್ಯಾಸಕ್ಕೆ ಆಹ್ವಾನಿಸಿದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹೃದಯದ ಆರೋಗ್ಯವನ್ನು ಕುರಿತು ನಾಲ್ಕು ಮಾತು ಕೇಳಬಹುದೆಂದು ಸಭಿಕರು ನಿರೀಕ್ಷಿಸುವುದು ಸಹಜ. ಆ ಮಾತುಗಳನ್ನು ಈ ವೇದಿಕೆಯಿಂದ ತಾವು ಸಾಕಷ್ಟು ಬಾರಿ ಕೇಳಿದ್ದೀರಿ. ಕೇಳಿದ ಮೇಲೂ ಊಟದ ಸಾಲಿನಲ್ಲಿ ಎರಡನೆಯ ಹೋಳಿಗೆಗೆ ಕೈ ಚಾಚಿದ್ದೀರಿ. ಆದ್ದರಿಂದ ಇಂದು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಅದು ಒಂದು ಕಾರಿನ ಕಥೆ. ಅದರ ಹೆಸರು ‘ಕರ್ಮ’.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಕೆಲವು ತಿಂಗಳ ಹಿಂದೆ ನಮಗೆ ಆಪ್ತರಾದ ದಂಪತಿಗಳು ಮನೆಗೆ ಬಂದು ಒಂದು ಇಕ್ಕಟ್ಟನ್ನು ಮುಂದಿಟ್ಟರು. ಅವರ ಮಗ ಒಳ್ಳೆಯ ಕಂಪನಿಯಲ್ಲಿ ಇಂಜಿನಿಯರ್. ಆ ಕೆಲಸವನ್ನು ಬಿಟ್ಟು, ಇಬ್ಬರು ಸ್ನೇಹಿತರೊಡನೆ ವಿದ್ಯುತ್ ವಾಹನಗಳಿಗೆ ಬೇಕಾದ ಉಪಕರಣವೊಂದನ್ನು ತಯಾರಿಸುವ ಹೊಸ ಕಂಪನಿಯನ್ನು ತೆರೆಯಬೇಕೆಂಬುದು ಅವನ ಹಂಬಲ. ಅದಕ್ಕಾಗಿ ತಂದೆ-ತಾಯಿ ತಮ್ಮ ಮನೆಯ ಮೇಲೆ ಸಾಲ ತೆಗೆದುಕೊಡಬೇಕು. ಮನೆಯ ಕಂತು ಮುಗಿದು ಎರಡು ವರ್ಷವೂ ಆಗಿಲ್ಲ. “ಬೇಡವೆಂದರೆ ಮಗನ ಕನಸನ್ನು ಮುರಿದ ಪಾಪ, ಆಗಲೆಂದರೆ ಮುದಿತನದಲ್ಲಿ ಬೀದಿಗೆ ಬೀಳುವ ಭಯ. ಏನು ಮಾಡೋಣ, ಡಾಕ್ಟ್ರೇ?” ಎಂದು ಆ ತಾಯಿ ಕೇಳಿದರು. ಇಂತಹ ಪ್ರಶ್ನೆ ಇಂದು ಈ ಸಭೆಯಲ್ಲಿ ಕುಳಿತಿರುವ ಹಲವು ಮನೆಗಳಲ್ಲಿ ಎದ್ದಿರಬಹುದು, ನಾಳೆ ಏಳಲೂಬಹುದು.

ನಮಗೆ ವ್ಯಾಪಾರಶಾಸ್ತ್ರ ತಿಳಿಯದು. ಆದರೆ ನಮ್ಮ ವೃತ್ತಿಯಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಈ ದೇಶದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಮಾಡುವವರೆಲ್ಲ ‘ಮಾರ್ಬಿಡಿಟಿ ಅಂಡ್ ಮಾರ್ಟಾಲಿಟಿ ಕಾನ್ಫರೆನ್ಸ್’ ಎಂಬ ಸಭೆಯಲ್ಲಿ ಕೂರಬೇಕು. ರೋಗಿ ಸತ್ತಾಗ ಅಥವಾ ಅನಿರೀಕ್ಷಿತ ತೊಂದರೆಗೆ ಸಿಕ್ಕಿದಾಗ, ಏನಾಯಿತು, ಎಲ್ಲಿ ತಪ್ಪಿತು, ಮುಂದೆ ತಪ್ಪದಿರಲು ಏನು ಮಾಡಬೇಕು ಎಂದು ಎಲ್ಲರ ಎದುರಿಗೆ ಬಿಚ್ಚಿ ನೋಡುವ ಸಭೆ ಅದು. ಯಾರನ್ನೂ ಹಳಿಯುವುದು ಅದರ ಉದ್ದೇಶವಲ್ಲ. ಇಂದು ಅಂತಹುದೇ ಒಂದು ಸಭೆಯನ್ನು ಇಲ್ಲಿ ನಡೆಸೋಣ. ರೋಗಿ, ಫಿಸ್ಕರ್ ಆಟೋಮೋಟಿವ್ ಎಂಬ ಕಂಪನಿ. ಜನನ ೨೦೦೭, ಕ್ಯಾಲಿಫೋರ್ನಿಯಾ. ದಿವಾಳಿ ಅರ್ಜಿ ೨೦೧೩.

ಮೊದಲು ರೋಗಿಯ ಪೂರ್ವವೃತ್ತಾಂತ. ಡೆನ್ಮಾರ್ಕಿನ ಹೆನ್ರಿಕ್ ಫಿಸ್ಕರ್ ಪ್ರಸಿದ್ಧ ವಾಹನ ವಿನ್ಯಾಸಕಾರರು. ಬಿ.ಎಂ.ಡಬ್ಲ್ಯು. ಝಡ್-೮, ಆಸ್ಟನ್ ಮಾರ್ಟಿನ್ ಡಿಬಿ-೯ ಮುಂತಾದ ಸುಂದರ ಕಾರುಗಳ ವಿನ್ಯಾಸದಲ್ಲಿ ಪಾಲುಗೊಂಡವರು. ಅವರೂ ಅವರ ಸಹೋದ್ಯೋಗಿ ಬರ್ನ್‌ಹಾರ್ಡ್ ಕೋಲರ್ ಅವರೂ ಸೇರಿ ಕಟ್ಟಿದ ಕಂಪನಿ ೨೦೦೮ರ ಜನವರಿಯಲ್ಲಿ ಡೆಟ್ರಾಯಿಟ್ ವಾಹನ ಪ್ರದರ್ಶನದಲ್ಲಿ ‘ಕರ್ಮ’ದ ಮಾದರಿಯನ್ನು ತೆರೆದು ತೋರಿಸಿತು. ನೋಡಿದವರು ಬೆರಗಾದರು. ಬೆಲೆ ಸುಮಾರು ೮೦,೦೦೦ ಡಾಲರ್. ೨೦೦೯ರ ಕೊನೆಗೆ ಗ್ರಾಹಕರ ಕೈಗೆ, ಎಂದು ಘೋಷಿಸಲಾಯಿತು.

ಇದು ‘ಪ್ಲಗ್-ಇನ್ ಹೈಬ್ರಿಡ್’ ಜಾತಿಯ ಕಾರು. ಸಾಮಾನ್ಯ ಹೈಬ್ರಿಡ್ ಕಾರಿನ ಬ್ಯಾಟರಿ ಚಿಕ್ಕದು; ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ತುಂಬುವಂತಿಲ್ಲ. ಪ್ಲಗ್-ಇನ್ ಕಾರಿನಲ್ಲಿ ಬ್ಯಾಟರಿ ದೊಡ್ಡದು. ರಾತ್ರಿ ಮನೆಯಲ್ಲಿ ತುಂಬಿಸಿ, ಮರುದಿನ ಕಚೇರಿಗೆ ಹೋಗಿ ಬರುವಷ್ಟು ದೂರವನ್ನು ಪೆಟ್ರೋಲಿಲ್ಲದೆ ಕ್ರಮಿಸಬಹುದು. ಬ್ಯಾಟರಿ ಖಾಲಿಯಾದರೆ ಪೆಟ್ರೋಲ್ ಇಂಜಿನ್ ನೆರವಿಗೆ ಬರುತ್ತದೆ. ‘ಕರ್ಮ’ದಲ್ಲಿ ಚಕ್ರಗಳನ್ನು ತಿರುಗಿಸುವುದು ಎರಡು ವಿದ್ಯುತ್ ಮೋಟಾರುಗಳು ಮಾತ್ರ. ಜನರಲ್ ಮೋಟಾರ್ಸ್‌ನಿಂದ ಕೊಂಡ ಎರಡು ಲೀಟರಿನ ಟರ್ಬೋ ಇಂಜಿನ್ನಿಗೆ ಜನರೇಟರನ್ನು ಓಡಿಸಿ ವಿದ್ಯುತ್ತನ್ನು ಒದಗಿಸುವುದಷ್ಟೇ ಕೆಲಸ. ಕರೆಂಟು ಹೋದಾಗ ನಮ್ಮೂರಿನ ಮದುವೆ ಛತ್ರಗಳ ಹಿಂಭಾಗದಲ್ಲಿ ಗುಡುಗುಡು ಎನ್ನುವ ಜನರೇಟರನ್ನು ಜ್ಞಾಪಿಸಿಕೊಂಡರೆ ಇದರ ತತ್ತ್ವ ತಿಳಿಯುತ್ತದೆ.

ಹೊಸ ಕಂಪನಿ ಮೊದಲ ಹೆಜ್ಜೆಯಲ್ಲೇ ಐಷಾರಾಮಿ ಕಾರಿಗೆ ಕೈ ಹಾಕಿದ್ದೇಕೆ? ಅದರ ಹಿಂದಿನ ತರ್ಕ ಸರಿಯಾದುದೇ. ಒಂದು ಕಾರನ್ನು ರೂಪಿಸಿ, ಅಪಘಾತ ಪರೀಕ್ಷೆ, ಹೊಗೆ ಪರೀಕ್ಷೆಗಳನ್ನು ಮುಗಿಸಿ, ಅಚ್ಚುಗಳನ್ನು ಮಾಡಿಸುವಷ್ಟರಲ್ಲಿ ಮೊದಲ ಕಾರು ಮಾರಾಟವಾಗುವ ಮುನ್ನವೇ ನೂರಾರು ಮಿಲಿಯನ್ ಡಾಲರ್ ಕರಗುತ್ತದೆ. ದೊಡ್ಡ ಕಂಪನಿ ಆ ವೆಚ್ಚವನ್ನು ಲಕ್ಷಾಂತರ ಕಾರುಗಳ ಮೇಲೆ ಹಂಚುತ್ತದೆ. ಕೆಲವೇ ಸಾವಿರ ಕಾರು ಮಾರುವವನು ಪ್ರತಿಯೊಂದಕ್ಕೂ ಹೆಚ್ಚು ಬೆಲೆ ಪಡೆಯಲೇಬೇಕು. ಮೊದಲು ಶ್ರೀಮಂತರಿಗೆ ದುಬಾರಿ ಕಾರು, ಅದರಿಂದ ಗಳಿಸಿದ ಹಣ ಮತ್ತು ಹೆಸರಿನಿಂದ ಮಧ್ಯಮವರ್ಗಕ್ಕೆ ಅಗ್ಗದ ಕಾರು ಎಂಬುದು ಯೋಜನೆ. ಆ ಎರಡನೆಯ ಕಾರಿನ ಯೋಜನೆಗೆ ‘ನೀನಾ’ ಎಂದು ಹೆಸರು.

ಆದರೆ ಈ ತರ್ಕದಲ್ಲೇ ಒಂದು ಅಪಾಯ ಅಡಗಿದೆ. ನೂರು ಸಾವಿರ ಡಾಲರ್ ಕೊಡುವ ಗ್ರಾಹಕನಿಗೆ ಜರ್ಮನಿಯ ನುರಿತ ಕಂಪನಿಗಳ ಕಾರು ಹೇಗಿರುತ್ತದೆಂಬುದು ಗೊತ್ತು. ಹೊಸಬರೆಂದು ಅವನು ರಿಯಾಯಿತಿ ತೋರುವುದಿಲ್ಲ. ಅಂದರೆ, ಅತ್ಯಂತ ಕಡಿಮೆ ಅನುಭವವುಳ್ಳ ಕಂಪನಿ, ಅತ್ಯಂತ ಜಟಿಲವಾದ ಯಂತ್ರವನ್ನು, ಅತ್ಯಂತ ಕಡಿಮೆ ತಾಳ್ಮೆಯುಳ್ಳ ಗ್ರಾಹಕನಿಗೆ ಮಾರಬೇಕಾಯಿತು.

ಜಟಿಲತೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಪ್ಲಗ್-ಇನ್ ಹೈಬ್ರಿಡ್ ಎಂದರೆ ಒಂದೇ ದೇಹದಲ್ಲಿ ಎರಡು ಜೀರ್ಣಾಂಗ ವ್ಯವಸ್ಥೆ ಇದ್ದಂತೆ. ಇಂಜಿನ್, ಇಂಧನದ ಟ್ಯಾಂಕು, ಹೊಗೆ ಕೊಳವೆ ಒಂದು ಕಡೆ. ಬ್ಯಾಟರಿ, ಮೋಟಾರು, ಅವುಗಳನ್ನು ತಂಪಾಗಿಡುವ ಕೊಳವೆಗಳು ಇನ್ನೊಂದು ಕಡೆ. ಎರಡನ್ನೂ ಆಳುವ ಗಣಕ ವ್ಯವಸ್ಥೆ ಮಧ್ಯೆ. ಇದೆಲ್ಲದರ ಭಾರ ಸೇರಿ ‘ಕರ್ಮ’ ಸುಮಾರು ೫,೩೦೦ ಪೌಂಡು ತೂಗಿತು. ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಅಳೆದಾಗ, ಅದು ಬ್ಯಾಟರಿಯಿಂದ ಓಡಿದ್ದು ೩೨ ಮೈಲಿ. ನಂತರ ಪೆಟ್ರೋಲಿನಲ್ಲಿ ಗ್ಯಾಲನ್ನಿಗೆ ಕೇವಲ ೨೦ ಮೈಲಿ. ಹೊರಗಿನಿಂದ ಹದಿನಾರು ಅಡಿ ಉದ್ದದ ಕಾರಾದರೂ, ಒಡಲ ಮಧ್ಯೆ ಬ್ಯಾಟರಿ ಹೂತಿದ್ದರಿಂದ ಒಳಗಿನ ಸ್ಥಳ ಎಷ್ಟು ಇಕ್ಕಟ್ಟಾಯಿತೆಂದರೆ, ಅದೇ ಸಂಸ್ಥೆಯ ಪಟ್ಟಿಯಲ್ಲಿ ಅದು ‘ಸಬ್‌ಕಾಂಪ್ಯಾಕ್ಟ್’, ಅಂದರೆ ತೀರಾ ಚಿಕ್ಕ ಕಾರುಗಳ ವರ್ಗಕ್ಕೆ ಸೇರಿತು. ಸೌಂದರ್ಯವನ್ನು ಮೊದಲು ನಿರ್ಧರಿಸಿ, ಅಂಗಾಂಗಗಳನ್ನು ಅದರೊಳಗೆ ತುರುಕಿದರೆ ಆಗುವುದು ಹೀಗೆಯೇ.

ಎರಡನೆಯ ಲಕ್ಷಣ, ವಿಳಂಬ. ೨೦೦೯ರ ಕೊನೆಗೆ ಬರಬೇಕಾದ ಕಾರು ಗ್ರಾಹಕರ ಕೈ ಸೇರತೊಡಗಿದ್ದು ೨೦೧೧ರಲ್ಲಿ. ಅಷ್ಟರಲ್ಲಿ ಬೆಲೆ ಏರಿತ್ತು. ನಂತರ ಲಕ್ಷ ಡಾಲರನ್ನೂ ದಾಟಿತು. ಜನರಲ್ ಮೋಟಾರ್ಸ್ ಕಂಪನಿ ಇದೇ ಬಗೆಯ ತತ್ತ್ವದ ‘ಷೆವ್ರೊಲೆ ವೋಲ್ಟ್’ ಕಾರನ್ನು ೨೦೧೦ರ ಡಿಸೆಂಬರಿನಲ್ಲೇ ಸುಮಾರು ೪೧,೦೦೦ ಡಾಲರಿಗೆ ಮಾರಲಾರಂಭಿಸಿತ್ತು. ಹೊಸ ಕಂಪನಿಗೆ ವಿಳಂಬವೆಂದರೆ ಒಳಗೊಳಗೇ ಆಗುವ ರಕ್ತಸ್ರಾವ. ಕಾರು ಮಾರಾಟವಾಗದಿದ್ದರೂ ತಿಂಗಳ ಸಂಬಳ, ಬಾಡಿಗೆ, ಬಿಡಿಭಾಗಗಳ ಬಿಲ್ಲು ನಿಲ್ಲುವುದಿಲ್ಲ. ಹೊರಗೆ ಗಾಯ ಕಾಣದು. ನಾಡಿ ಮಾತ್ರ ಇಳಿಯುತ್ತಿರುತ್ತದೆ.

ಮೂರನೆಯದು ಪರಾವಲಂಬನೆ. ಫಿಸ್ಕರ್ ಕಂಪನಿ ‘ಕರ್ಮ’ಕ್ಕೆ ಸ್ವಂತ ಕಾರ್ಖಾನೆ ಬೇಡವೆಂದು ನಿಶ್ಚಯಿಸಿ, ಅದನ್ನು ಫಿನ್‌ಲ್ಯಾಂಡಿನ ಊಸಿಕೌಪುಂಕಿ ಎಂಬ ಊರಿನಲ್ಲಿರುವ ವಾಲ್ಮೆಟ್ ಕಾರ್ಖಾನೆಯಲ್ಲಿ ಮಾಡಿಸಿತು. ಇಂಜಿನ್ ಒಬ್ಬರದು, ಚಾಲನಾ ತಂತ್ರ ಕ್ವಾಂಟಮ್ ಎಂಬ ಇನ್ನೊಬ್ಬರದು. ಬ್ಯಾಟರಿ ಮಾತ್ರ ಎ-೧೨೩ ಸಿಸ್ಟಮ್ಸ್ ಎಂಬ ಒಂದೇ ಒಂದು ಕಂಪನಿಯದು. ಇದರಿಂದ ಆರಂಭದ ಬಂಡವಾಳ ಉಳಿಯಿತು, ನಿಜ. ಆದರೆ ಎ-೧೨೩ ಕಂಪನಿಗೂ ಫಿಸ್ಕರೇ ಅತಿ ಮುಖ್ಯ ಗ್ರಾಹಕ. ಅದು ಫಿಸ್ಕರ್‌ನಲ್ಲಿ ಹಣವನ್ನೂ ತೊಡಗಿಸಿತ್ತು. ಈಜು ಬಾರದ ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡು ಹೊಳೆಗಿಳಿದಂತಾಯಿತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ರೆಸಿಡೆನ್ಸಿಯ ಮೊದಲ ವರ್ಷ, ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿದ್ದ ಒಬ್ಬ ವೃದ್ಧರಿಗೆ ಒಂದೇ ರಕ್ತನಾಳದಲ್ಲಿ ಸೂಜಿ ಇತ್ತು. ಎರಡನೆಯದನ್ನು ಹಾಕಬೇಕೆಂಬುದು ಗೊತ್ತಿದ್ದರೂ, ರೋಗಿ ಆರಾಮವಾಗಿದ್ದಾರೆ, ಬೆಳಗ್ಗೆ ನೋಡೋಣ ಎಂದುಕೊಂಡೆವು. ನಡುರಾತ್ರಿ ರಕ್ತದೊತ್ತಡ ಕುಸಿಯಿತು. ಅದೇ ಗಳಿಗೆಯಲ್ಲಿ ಇದ್ದ ಒಂದು ಸೂಜಿಯೂ ಕಟ್ಟಿಕೊಂಡಿತು. ಕುಸಿದ ನಾಳಗಳಲ್ಲಿ ಇನ್ನೊಂದು ದಾರಿ ಹುಡುಕಲು ಹಿಡಿದ ಆ ಕೆಲವು ನಿಮಿಷಗಳನ್ನು ಇಂದಿಗೂ ಮರೆತಿಲ್ಲ. ರೋಗಿ ಬದುಕಿದರು. ಆದರೆ ಆ ವಾರದ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾಯಿತು. ಎರಡನೆಯ ದಾರಿಯನ್ನು ಅಗತ್ಯ ಬೀಳುವ ಮೊದಲೇ ಸಿದ್ಧಪಡಿಸಬೇಕು. ಅಗತ್ಯ ಬಿದ್ದಾಗ ಅದು ಸಿಗುವುದಿಲ್ಲ. ಫಿಸ್ಕರ್ ಕಂಪನಿಗೆ ಬ್ಯಾಟರಿಯ ಎರಡನೆಯ ದಾರಿ ಇರಲಿಲ್ಲ.

ಮುಂದಿನದನ್ನು ದಿನಚರಿಯಂತೆ ಓದಬಹುದು. ೨೦೧೧ರ ಡಿಸೆಂಬರಿನಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಕೊಳವೆಗಳ ಹಿಡಿಕೆ ಸರಿಯಾಗಿ ಕೂತಿಲ್ಲವೆಂದು ೨೩೯ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ೨೦೧೨ರ ಮಾರ್ಚಿನಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಪರೀಕ್ಷೆಗೆಂದು ೧,೦೭,೮೫೦ ಡಾಲರ್ ತೆತ್ತು ಕೊಂಡ ಕಾರು ಇನ್ನೂರು ಮೈಲಿಯನ್ನೂ ಪೂರೈಸದೆ ನಿಂತುಹೋಯಿತು. ದೇಶವೆಲ್ಲ ಅದನ್ನು ಓದಿತು. ಅದೇ ತಿಂಗಳು ಎ-೧೨೩ ಕಂಪನಿ ದೋಷವಿರುವ ಬ್ಯಾಟರಿಗಳನ್ನು ಬದಲಿಸಲು ಸುಮಾರು ೫೫ ಮಿಲಿಯನ್ ಡಾಲರ್ ವೆಚ್ಚವಾಗುವುದೆಂದು ಪ್ರಕಟಿಸಿತು. ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾರಿಗೆ ಬೆಂಕಿ ಹತ್ತಿತು. ತಂಪುಗೊಳಿಸುವ ಫ್ಯಾನಿನ ದೋಷವೆಂದು ಮತ್ತೆ ಕಾರುಗಳನ್ನು ಕರೆಸಿಕೊಳ್ಳಲಾಯಿತು. ಅಕ್ಟೋಬರಿನಲ್ಲಿ ಎ-೧೨೩ ದಿವಾಳಿಯೆದ್ದಿತು. ಅದೇ ಅಕ್ಟೋಬರಿನ ಕೊನೆಗೆ ಸ್ಯಾಂಡಿ ಚಂಡಮಾರುತ ಬಂದು ನ್ಯೂಜೆರ್ಸಿಯ ಬಂದರಿನಲ್ಲಿ ನಿಂತಿದ್ದ ೩೦೦ಕ್ಕೂ ಹೆಚ್ಚು ‘ಕರ್ಮ’ಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿತು, ಹದಿನಾರು ಕಾರುಗಳು ಸುಟ್ಟುಹೋದವು. ನಮ್ಮ ಕಡೆ ಇಂತಹ ಸಂದರ್ಭದಲ್ಲಿ ಹಣೆ ಚಚ್ಚಿಕೊಂಡು “ಎಲ್ಲಾ ನಮ್ಮ ಕರ್ಮ!” ಎನ್ನುತ್ತೇವೆ. ಕಾರಿಗೆ ಆ ಹೆಸರಿಟ್ಟವರಿಗೆ ಈ ಅರ್ಥವನ್ನು ಯಾರೂ ಹೇಳಿಕೊಟ್ಟಿರಲಿಲ್ಲವೆಂದು ತೋರುತ್ತದೆ.

ಆದರೆ ಕರ್ಮವೆಂದರೆ ಹಣೆಬರಹವಷ್ಟೇ ಅಲ್ಲ. ಮಾಡಿದ ಕೆಲಸ, ಅದರ ಫಲ ಎಂಬುದೇ ಮೂಲಾರ್ಥ. ಚಂಡಮಾರುತ ವಿಧಿ, ಬ್ಯಾಟರಿಗೆ ಒಬ್ಬನನ್ನೇ ನಂಬಿದ್ದು ಕೃತಿ. ಆರೋಗ್ಯವಂತ ದೇಹ ನೆಗಡಿಯನ್ನು ತಡೆದುಕೊಳ್ಳುತ್ತದೆ. ಮೊದಲೇ ಜೀರ್ಣವಾದ ದೇಹವನ್ನು ಅದೇ ನೆಗಡಿ ಒಯ್ಯುತ್ತದೆ.

ಇನ್ನು ಹಣದ ಮಾತು. ಖಾಸಗಿ ಹೂಡಿಕೆದಾರರಿಂದ ಕಂಪನಿಗೆ ಒಂದು ಬಿಲಿಯನ್ ಡಾಲರಿಗೂ ಹೆಚ್ಚು ಬಂದಿತ್ತು. ಅದಲ್ಲದೆ ಕೇಂದ್ರ ಇಂಧನ ಇಲಾಖೆ ೨೦೦೯ರಲ್ಲಿ ಸುಮಾರು ೫೨೯ ಮಿಲಿಯನ್ ಡಾಲರಿನ ಸಾಲವನ್ನು ಘೋಷಿಸಿತು. ಸರ್ಕಾರದ ಸಾಲಕ್ಕೆ ಗಡುವುಗಳಿದ್ದವು. ಗಡುವು ತಪ್ಪಿದ ಮೇಲೆ ೨೦೧೧ರಲ್ಲಿ, ಸುಮಾರು ೧೯೨ ಮಿಲಿಯನ್ ಕೊಟ್ಟಾದ ಬಳಿಕ, ಇಲಾಖೆ ಕೈ ಬಿಗಿಹಿಡಿಯಿತು. ಅದು ತನ್ನ ಕರ್ತವ್ಯವನ್ನೇ ಮಾಡಿತು. ಆದರೆ ಆ ಹಣವನ್ನು ನೆಚ್ಚಿಕೊಂಡು ‘ನೀನಾ’ ಯೋಜನೆಗೆ ಇಳಿದಿದ್ದ ಕಂಪನಿಗೆ ಉಸಿರು ಕಟ್ಟಿತು. ೨೦೧೩ರ ಮಾರ್ಚಿನಲ್ಲಿ ಹೆನ್ರಿಕ್ ಫಿಸ್ಕರ್ ರಾಜೀನಾಮೆ ಕೊಟ್ಟರು. ಏಪ್ರಿಲಿನಲ್ಲಿ ಉಳಿದಿದ್ದ ನೌಕರರಲ್ಲಿ ಮುಕ್ಕಾಲು ಪಾಲು, ಸುಮಾರು ೧೬೦ ಮಂದಿ, ಒಂದೇ ದಿನ ಕೆಲಸ ಕಳೆದುಕೊಂಡರು. ನವೆಂಬರಿನಲ್ಲಿ ಕಂಪನಿ ದಿವಾಳಿ ನ್ಯಾಯಾಲಯಕ್ಕೆ ಹೋಯಿತು. ಸರ್ಕಾರಕ್ಕೆ, ಅಂದರೆ ತೆರಿಗೆ ಕಟ್ಟುವ ನಮಗೂ ನಿಮಗೂ, ಸುಮಾರು ೧೩೯ ಮಿಲಿಯನ್ ಡಾಲರ್ ನಷ್ಟವಾಯಿತು. ೨೦೧೪ರಲ್ಲಿ ಚೀನಾದ ವಾನ್‌ಶಿಯಾಂಗ್ ಸಂಸ್ಥೆ ಸುಮಾರು ೧೪೯ ಮಿಲಿಯನ್ನಿಗೆ ಹರಾಜಿನಲ್ಲಿ ಎಲ್ಲವನ್ನೂ ಕೊಂಡಿತು. ಒಟ್ಟು ತಯಾರಾದ ಕಾರುಗಳು ಎರಡೂವರೆ ಸಾವಿರವನ್ನೂ ಮುಟ್ಟಲಿಲ್ಲ.

ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಯಾರೂ ನೆನೆಯದವರು ಡೆಲವೇರ್ ರಾಜ್ಯದ ಕಾರ್ಮಿಕರು. ವಿಲ್ಮಿಂಗ್ಟನ್ ನಗರದ ಬಳಿಯ ಬಾಕ್ಸ್‌ವುಡ್ ರಸ್ತೆಯಲ್ಲಿ ೧೯೪೭ರಿಂದ ಕಾರು ತಯಾರಿಸುತ್ತಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ೨೦೦೯ರಲ್ಲಿ ಮುಚ್ಚಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಆಗ ಉಪಾಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಸಮ್ಮುಖದಲ್ಲಿ, ಅಲ್ಲಿ ‘ನೀನಾ’ ಕಾರು ತಯಾರಾಗುವುದೆಂದೂ ಎರಡು ಸಾವಿರ ಮಂದಿಗೆ ಕೆಲಸ ಸಿಗುವುದೆಂದೂ ಸಾರಲಾಯಿತು. ಅಲ್ಲಿಂದ ಒಂದು ಕಾರೂ ಹೊರಬರಲಿಲ್ಲ. ಮುಂದೆ ಆ ಕಟ್ಟಡವನ್ನು ಕೆಡವಲಾಯಿತು. ೨೦೨೧ರಲ್ಲಿ ಆ ಸ್ಥಳದಲ್ಲಿ ಅಮೆಜಾನ್ ಉಗ್ರಾಣ ತೆರೆಯಿತು. ಹೂಡಿಕೆದಾರ ಹತ್ತು ಕಡೆ ಹಣ ಹೂಡಿ ಒಂದು ಕಡೆ ಕಳೆದುಕೊಳ್ಳುತ್ತಾನೆ. ಕಾರ್ಮಿಕನಿಗೆ ಇರುವುದು ಒಂದೇ ಊರು, ಒಂದೇ ಕಸುಬು. ಮನೆಯನ್ನು ಒತ್ತೆಯಿಡುವ ತಂದೆ-ತಾಯಿಗೂ ಅಷ್ಟೇ.

ಹಾಗಾದರೆ ಇಂತಹ ಸಾಹಸವೇ ತಪ್ಪೆ? ಅಲ್ಲ. ಅದೇ ಸರ್ಕಾರಿ ಯೋಜನೆಯಿಂದ ೪೬೫ ಮಿಲಿಯನ್ ಡಾಲರ್ ಸಾಲ ಪಡೆದ ಟೆಸ್ಲಾ ಕಂಪನಿ ೨೦೧೩ರ ಮೇ ತಿಂಗಳಲ್ಲಿ, ಗಡುವಿಗೆ ಒಂಬತ್ತು ವರ್ಷ ಮೊದಲೇ, ಅದನ್ನು ತೀರಿಸಿತು. ೨೦೦೮ರಲ್ಲಿ ಅದೂ ಸಾವಿನ ಹೊಸ್ತಿಲಿಗೆ ಹೋಗಿ ಬಂದಿತ್ತು. ಅದೃಷ್ಟದ ಪಾಲೂ ಇದೆ. ಆದರೂ ಎರಡು ವ್ಯತ್ಯಾಸಗಳು ಗಮನಾರ್ಹ. ಟೆಸ್ಲಾ ಇಂಜಿನ್ನನ್ನೇ ಕೈಬಿಟ್ಟು ಯಂತ್ರವನ್ನು ಸರಳಗೊಳಿಸಿತು. ಫ್ರೀಮಾಂಟಿನಲ್ಲಿ ಹಳೆಯ ಕಾರ್ಖಾನೆಯೊಂದನ್ನು ಕೊಂಡು ತಯಾರಿಕೆಯ ವಿದ್ಯೆಯನ್ನು ತಾನೇ ಕಲಿಯಿತು.

ಇನ್ನೊಂದು ಉದಾಹರಣೆ ನಮ್ಮ ಬೆಂಗಳೂರಿನದು. ಮೈನಿ ಸಮೂಹವೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಸೇರಿ ೧೯೯೪ರಲ್ಲಿ ಆರಂಭಿಸಿದ ‘ರೇವಾ’ ವಿದ್ಯುತ್ ಕಾರು ೨೦೦೧ರಲ್ಲಿ ಮಾರುಕಟ್ಟೆಗೆ ಬಂತು. ಎರಡು ಬಾಗಿಲಿನ ಪುಟ್ಟ ಕಾರು. ಆಡಿಕೊಂಡು ನಕ್ಕವರೇ ಹೆಚ್ಚು. ಆದರೆ ಚೇತನ್ ಮೈನಿಯವರ ತಂಡ ತನ್ನ ಶಕ್ತಿಗೆ ತಕ್ಕಷ್ಟನ್ನೇ ಕೈಗೆತ್ತಿಕೊಂಡಿತು. ‘ಜಿ-ವಿಝ್’ ಎಂಬ ಹೆಸರಿನಲ್ಲಿ ಅದು ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. ೨೦೧೦ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯ ಬಹುಪಾಲನ್ನು ಕೊಂಡಿತು. ಯಾರೂ ಕೋಟ್ಯಧಿಪತಿಗಳ ಪಟ್ಟಿಗೆ ಸೇರದಿರಬಹುದು. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಿದವರು ಹದಿನಾರು ವರ್ಷ ಉಳಿದರು, ಕಲಿತದ್ದನ್ನು ಮುಂದಿನವರಿಗೆ ದಾಟಿಸಿದರು.

ಪಾಠ ಕಲಿಯದಿದ್ದರೆ ರೋಗ ಮರುಕಳಿಸುತ್ತದೆ. ಹೆನ್ರಿಕ್ ಫಿಸ್ಕರ್ ೨೦೧೬ರಲ್ಲಿ ಮತ್ತೊಂದು ಕಂಪನಿ ತೆರೆದರು. ಈ ಬಾರಿ ಪೂರ್ಣ ವಿದ್ಯುತ್ ಕಾರು ‘ಓಷನ್’. ಆದರೆ ತಯಾರಿಕೆ ಮತ್ತೆ ಪರರದು, ಆಸ್ಟ್ರಿಯದ ಮ್ಯಾಗ್ನಾ ಕಾರ್ಖಾನೆಯದು. ೨೦೨೩ರಲ್ಲಿ ಸುಮಾರು ಹತ್ತು ಸಾವಿರ ಕಾರುಗಳು ತಯಾರಾದವು. ತಂತ್ರಾಂಶದ ದೋಷಗಳ ದೂರು ಬೆಳೆಯಿತು. ೨೦೨೪ರ ಜೂನಿನಲ್ಲಿ ಆ ಕಂಪನಿಯೂ ದಿವಾಳಿಯೆದ್ದಿತು. ಇನ್ನು ವಿದ್ಯುತ್ ಕಾರು ಕೊಳ್ಳುವವರಿಗೆ ಸರ್ಕಾರ ಕೊಡುತ್ತಿದ್ದ ೭,೫೦೦ ಡಾಲರಿನವರೆಗಿನ ತೆರಿಗೆ ವಿನಾಯಿತಿ ೨೦೨೫ರ ಸೆಪ್ಟೆಂಬರ್ ೩೦ಕ್ಕೆ ಕೊನೆಗೊಂಡಿತು. ಸರ್ಕಾರದ ಒಲವು ಮುಂಗಾರು ಮಳೆಯಿದ್ದಂತೆ. ಬಂದರೆ ಬೆಳೆ, ಆದರೆ ಬಾವಿ ತೋಡದೆ ಅದನ್ನೇ ನಂಬಿ ಕೂರುವಂತಿಲ್ಲ.

ಆ ದಂಪತಿಗಳಿಗೆ ನಾವು ಬೇಡವೆಂದೂ ಹೇಳಲಿಲ್ಲ, ಆಗಲೆಂದೂ ಹೇಳಲಿಲ್ಲ. ಎರಡು ಸೂಟ್‌ಕೇಸು ಹಿಡಿದು ಗೊತ್ತಿಲ್ಲದ ದೇಶಕ್ಕೆ ಬಂದಿಳಿದ ನಾವು, ಮಕ್ಕಳಿಗೆ ಸಾಹಸ ಬೇಡವೆಂದು ಯಾವ ಬಾಯಿಯಿಂದ ಹೇಳೋಣ? ಮಗನಿಗೆ ಕೇಳಲು ನಾಲ್ಕು ಪ್ರಶ್ನೆಗಳನ್ನು ಬರೆದುಕೊಟ್ಟೆವು. ಒಂದು: ನಿನ್ನ ಯಂತ್ರದಲ್ಲಿ ಯಾವ ಭಾಗವನ್ನು ಬಿಟ್ಟರೂ ಅದು ಕೆಲಸ ಮಾಡುತ್ತದೆ? ಅದನ್ನು ಏಕೆ ಇಟ್ಟಿದ್ದೀಯೆ? ಎರಡು: ಯಾವ ಒಬ್ಬ ವ್ಯಕ್ತಿ ಅಥವಾ ಕಂಪನಿ ನಾಳೆ ಕೈಕೊಟ್ಟರೆ ನಿನ್ನ ಕೆಲಸ ನಿಲ್ಲುತ್ತದೆ? ಮೂರು: ಎಲ್ಲವೂ ಎರಡು ವರ್ಷ ತಡವಾದರೆ ಸಂಬಳ ಎಲ್ಲಿಂದ ಬರುತ್ತದೆ? ನಾಲ್ಕು: ಕಂಪನಿ ಮುಚ್ಚಿದರೆ ಯಾರ ಮನೆಯಲ್ಲಿ ಒಲೆ ಉರಿಯುವುದು ನಿಲ್ಲುತ್ತದೆ?

ಆ ಹುಡುಗ ಮೂರು ವಾರ ಮನೆಗೆ ಫೋನು ಮಾಡಲಿಲ್ಲವಂತೆ. ತಾಯಿ ನಮ್ಮ ಮೇಲೆ ಕೋಪಿಸಿಕೊಂಡರು. ನಾಲ್ಕನೆಯ ವಾರ ಅವನೇ ಬಂದ. ಎರಡನೆಯ ಪ್ರಶ್ನೆಗೆ ಉತ್ತರವಿರಲಿಲ್ಲವೆಂದು ಒಪ್ಪಿಕೊಂಡ. ಮುಖ್ಯವಾದ ಒಂದು ಭಾಗವನ್ನು ಒದಗಿಸುವವನು ಒಬ್ಬನೇ ಇದ್ದ. ಇನ್ನೊಬ್ಬನನ್ನು ಹುಡುಕುವವರೆಗೆ ಕೆಲಸ ಬಿಡುವುದಿಲ್ಲವೆಂದೂ, ಮನೆಯ ಮೇಲಿನ ಸಾಲದ ಮಾತನ್ನು ಹಿಂತೆಗೆದುಕೊಂಡಿರುವುದಾಗಿಯೂ ತಿಳಿಸಿದ. ಹೋದರೆ ಹೋಗಲಿ ಎನ್ನಬಹುದಾದಷ್ಟು ಹಣವನ್ನು ಮಾತ್ರ ತಂದೆ ಕೊಟ್ಟರು. ಆ ಕಂಪನಿ ಬದುಕುವುದೋ ಇಲ್ಲವೋ, ನಮಗೆ ತಿಳಿಯದು. ಆದರೆ ಅದು ಬಿದ್ದರೂ ಆ ಮನೆ ಬೀಳುವುದಿಲ್ಲ. ತಂದೆ-ಮಗ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದೂ ತಪ್ಪುವುದಿಲ್ಲ.